ಫಿಶ್ ಫೈಂಡರಿನ ಗೇನ್ ಮತ್ತು ನಮ್ಮ ಬೋಟು

ಮಲ್ಪೆಯಿಂದ ಹೊರಡುವ ನಮ್ಮ ಬೋಟಿಗೆ ಫಿಶ್ ಫೈಂಡರ್ (ನೀರಿಗೆ ಶಬ್ದ ಕಳುಹಿಸಿ, ಮರಳುವ ಪ್ರತಿಧ್ವನಿಯಿಂದ ಮೀನು ಮತ್ತು ತಳವನ್ನು ಪರದೆಯಲ್ಲಿ ತೋರಿಸುವ ಸಾಧನ) ಅಳವಡಿಸಿದ ಆರಂಭದಲ್ಲಿ, ಗೇನ್ (ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟ) ಹೆಚ್ಚಿಸಿದಷ್ಟೂ ಮೀನು ಹೆಚ್ಚು ಕಾಣುತ್ತದೆಂದು ನಾನು ನಂಬಿದ್ದೆ. ಕಂಡದ್ದು ಮಾತ್ರ ಪರದೆಯ ತುಂಬ ಚುಕ್ಕೆಗಳ ಗೊಂದಲ. ಈಗ ಚುಕ್ಕೆಗಳು ಮೂಡುವವರೆಗೆ ಗೇನ್ ಏರಿಸಿ, ಅವು ಮರೆಯಾಗುವಷ್ಟು ಮಾತ್ರ ಇಳಿಸುತ್ತೇನೆ. ಸಮುದ್ರದ ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರ್ ಚಲಿಸುವುದರಿಂದ, 75 ಮೀಟರ್ ಆಳದ ತಳದಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಸೂಕ್ಷ್ಮ ವಿವರ ತೋರಿಸುವ 200 ಕಿಲೋಹರ್ಟ್ಸ್ ಕಂಪನಾಂಕದ ಶಬ್ದ ನನಗೆ ಮೆಚ್ಚು. ಆಳಕ್ಕೆ ಹೋದಾಗ, ನೀರು ಕಡಿಮೆ ಹೀರಿಕೊಳ್ಳುವ 50 ಕಿಲೋಹರ್ಟ್ಸ್‌ಗೆ ಬದಲಿಸುತ್ತೇನೆ. ಆದರೆ ಅದರ ಶಬ್ದದ ಕಿರಣ ಸಾಮಾನ್ಯವಾಗಿ ಅಗಲವಾಗಿರುವುದರಿಂದ, ಪರದೆಯಲ್ಲಿ ಕಂಡ ಬಂಗುಡೆಯ ಹಿಂಡು ಬೋಟಿನ ನೇರ ಕೆಳಗೇ ಇರಬೇಕೆಂದಿಲ್ಲ (ಬಲೆ ಬಿಟ್ಟ ಮೇಲೆ ಇದು ಅರಿವಾದರೆ ಡೀಸೆಲ್ಲೂ ದಂಡ).