ಬೀದಿಗೆ ಕಾಣುವಂತೆ ಹಚ್ಚುವ ದೀಪ

ನಾನು ಕೆಲಸ ಮಾಡುವ ಮನೆ ಜೆರುಸಲೆಮ್‌ನ ನಖ್ಲಾವೋತ್‌ನಲ್ಲಿದೆ. ಮಹನೆ ಯೆಹೂದಾ ಮಾರ್ಕೆಟ್ಟಿನ ಪಕ್ಕದ ಹಳೇ ಬಡಾವಣೆ, ತುಂಬಾ ಕಿರಿದಾದ ಓಣಿಗಳು. ಮಂಗಳೂರು, ಉಡುಪಿ ಕಡೆಯಿಂದ ಬಂದ ನಮ್ಮಂಥವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದೇವೆ, ಹೆಚ್ಚಿನವರು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿ. ನಾನು ನೋಡಿಕೊಳ್ಳುವ ಅಜ್ಜಿ ಮೊರಾಕ್ಕೊದಲ್ಲಿ ಹುಟ್ಟಿದವರು. ಯಹೂದಿಗಳ ಹನುಕ್ಕಾ ಹಬ್ಬ ಏನೆಂದು ನಾನು ಕಲಿತದ್ದು ಅವರಿಂದ.

ಊರಿನವರು ಫೋನಿನಲ್ಲಿ ಕೇಳುತ್ತಾರೆ, "ಅದು ಅವರ ದೀಪಾವಳಿ ಅಲ್ವಾ?" ದೀಪ ಇದೆ, ಎಣ್ಣೆ ಇದೆ, ಎಂಟು ದಿನದ ನಡುವೆ ಅಮಾವಾಸ್ಯೆಯೂ ಬರುತ್ತದೆ. ಅವರ ಪಂಚಾಂಗದಲ್ಲೂ ಅಧಿಕ ಮಾಸ ಇದೆ, 19 ವರ್ಷಕ್ಕೆ 7 ಸಲ. ಹಾಗಾಗಿ ಕಿಸ್ಲೇವ್ ತಿಂಗಳ 25ಕ್ಕೆ ಶುರುವಾಗುವ ಈ ಹಬ್ಬ ಹೆಚ್ಚಾಗಿ ಡಿಸೆಂಬರಿನ ಚಳಿಯಲ್ಲೇ ಬರುತ್ತದೆ. ಆದರೆ ಇದು ಮನೆ ಬೆಳಗಲಿ ಎಂದು ಹಚ್ಚುವ ದೀಪ ಅಲ್ಲ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲಿ ಎಂದು ಹಚ್ಚುವ ದೀಪ.

ಅದಕ್ಕೇ ನಮ್ಮ ಓಣಿಯಲ್ಲಿ ದೀಪಗಳು ಬಾಗಿಲ ಹೊರಗೆ, ಗಾಜಿನ ಪೆಟ್ಟಿಗೆಯೊಳಗೆ ಉರಿಯುತ್ತವೆ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಗಾಜು ಇಲ್ಲದಿದ್ದರೆ ದೀಪ ನಿಲ್ಲುವುದಿಲ್ಲ. ಅಜ್ಜಿಯ ದೀಪಸ್ತಂಭ ಹಿತ್ತಾಳೆಯದು. ಸಾಲಾಗಿ ಎಂಟು ಪುಟ್ಟ ಗಾಜಿನ ಬಟ್ಟಲು, ಅದರಲ್ಲಿ ಆಲಿವ್ ಎಣ್ಣೆ, ಬತ್ತಿ. ಒಂಬತ್ತನೆಯದು ಸ್ವಲ್ಪ ಎತ್ತರದಲ್ಲಿ. ಅದಕ್ಕೆ ಶಮ್ಮಾಶ್ ಎನ್ನುತ್ತಾರೆ, ಸೇವೆಗೆ ನಿಂತ ದೀಪ. ಉಳಿದ ಎಂಟರ ಬೆಳಕಿನಲ್ಲಿ ಓದಬಾರದು, ದುಡ್ಡು ಎಣಿಸಬಾರದು, ಯಾವ ಕೆಲಸಕ್ಕೂ ಬಳಸಬಾರದು. ಸುಮ್ನೆ ನೋಡಬೇಕು, ಅಷ್ಟೇ. ಮೊದಲ ಸಂಜೆ ಒಂದು, ಮರುದಿನ ಎರಡು, ಹೀಗೆ ಎಂಟರವರೆಗೆ. ಜೋಡಿಸುವುದು ಬಲದಿಂದ, ಹಚ್ಚುವುದು ಎಡದಿಂದ. ಹಾಗಾಗಿ ಆ ದಿನದ ಹೊಸ ದೀಪಕ್ಕೇ ಮೊದಲ ಬೆಂಕಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಇದರ ಬಗ್ಗೆ ವಾದವೇ ನಡೆದಿತ್ತು. ಎಂಟರಿಂದ ಶುರುಮಾಡಿ ಇಳಿಸುತ್ತ ಬನ್ನಿ ಎಂದಿತ್ತು ಶಮ್ಮಾಯಿ ಎಂಬ ಯಹೂದಿ ಗುರುವಿನ ಪಂಥ. ಇಲ್ಲ, ಏರಿಸುತ್ತ ಹೋಗಿ ಎಂದಿತು ಇನ್ನೊಬ್ಬ ಗುರು ಹಿಲ್ಲೆಲ್ ಅವರ ಪಂಥ. ಹಿಲ್ಲೆಲರ ಮಾತು ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು.

ಕಥೆ ಕ್ರಿಸ್ತಪೂರ್ವ 167ರದ್ದು. ಆಗ ಇಲ್ಲಿ ಆಳುತ್ತಿದ್ದ ಸೆಲ್ಯುಕಿಡ್ ಎಂಬ ಗ್ರೀಕ್ ರಾಜವಂಶದ ದೊರೆ ನಾಲ್ಕನೇ ಅಂಟಿಯೋಕಸ್ ಇಲ್ಲಿನ ಯಹೂದಿಗಳು ಶಬ್ಬಾತ್ ಎಂಬ ವಾರದ ವಿಶ್ರಾಂತಿಯ ದಿನ ಆಚರಿಸಬಾರದು, ಮಕ್ಕಳಿಗೆ ಸುನ್ನತಿ ಮಾಡಿಸಬಾರದು ಎಂದು ಕಟ್ಟಪ್ಪಣೆ ಹೊರಡಿಸಿದ. ಜೆರುಸಲೆಮ್‌ನ ದೇವಾಲಯದಲ್ಲಿ ಗ್ರೀಕ್ ದೇವರಿಗೆ ಬಲಿ ಕೊಡಿಸಿದ. ಮೋದಿಯಿನ್ ಎಂಬ ಹಳ್ಳಿಯ ಮತ್ತಿತ್ಯಾಹು ಮತ್ತು ಅವರ ಐದು ಮಕ್ಕಳು ತಿರುಗಿಬಿದ್ದರು. ಅವರಲ್ಲಿ ಯೆಹೂದಾ ಮಕ್ಕಾಬಿ ಕ್ರಿಸ್ತಪೂರ್ವ 164ರಲ್ಲಿ ದೇವಾಲಯವನ್ನು ಬಿಡಿಸಿಕೊಂಡು ಶುದ್ಧ ಮಾಡಿಸಿದ. ಒಂದೇ ದಿನಕ್ಕಾಗುವಷ್ಟು ಶುದ್ಧ ಎಣ್ಣೆ ಸಿಕ್ಕಿತು, ಅದು ಎಂಟು ದಿನ ಉರಿಯಿತು ಎನ್ನುತ್ತದೆ ಯಹೂದಿಗಳ ಧರ್ಮಗ್ರಂಥ ತಾಲ್ಮುದ್. ಅದಕ್ಕಿಂತ ಹಳೆಯ ಮಕ್ಕಾಬಿ ಪುಸ್ತಕಗಳಲ್ಲಿ ಎಣ್ಣೆಯ ಮಾತೇ ಇಲ್ಲ, ಅಲ್ಲಿರುವುದು ಯುದ್ಧ ಮತ್ತು ದೇವಾಲಯದ ಸಂಭ್ರಮ. ನನಗೆ ಎರಡೂ ಬೇಕು. ನಮ್ಮ ಆಚರಣೆ ಬಿಡುವುದಿಲ್ಲ ಎಂದು ನಿಂತವರ ಕಥೆ ಅದು. ಬಾಗಿಲ ಹೊರಗೆ ದೀಪ ಇಡುವುದೂ ಅದನ್ನೇ ಹೇಳುವುದಕ್ಕೆ.

ಅಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೂ ಸಾಕು ಎಂದು ನಿಯಮದಲ್ಲೇ ಇದೆ. ಆದರೂ 1931ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಪೋಸ್ನರ್ ಅವರ ಮನೆಯವರು ದೀಪಸ್ತಂಭವನ್ನು ಕಿಟಕಿಯಲ್ಲೇ ಇಟ್ಟರು. ಎದುರಿನ ಕಟ್ಟಡದಲ್ಲಿ ನಾಜಿ ಬಾವುಟ. ರಬ್ಬಿಯ ಹೆಂಡತಿ ರಾಖೆಲ್ ಒಂದು ಫೋಟೊ ತೆಗೆದರು. ದೀಪ ಮುಂದೆ, ಬಾವುಟ ಹಿಂದೆ. ಬಾವುಟ ಯಹೂದಿಗಳು ಸಾಯಲಿ ಎನ್ನುತ್ತದೆ, ದೀಪ ಅವರು ಸದಾ ಬದುಕುತ್ತಾರೆ ಎಂದು ಉತ್ತರ ಕೊಡುತ್ತದೆ ಎಂಬ ಅರ್ಥದ ಸಾಲು ಅದರ ಹಿಂದೆ ಬರೆದಿಟ್ಟರು. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ, 1933ರಲ್ಲಿ, ಕುಟುಂಬ ಜರ್ಮನಿ ಬಿಟ್ಟಿತು. ಫೋಟೊ ಉಳಿಯಿತು, ದೀಪಸ್ತಂಭವೂ ಉಳಿಯಿತು. ಆ ಫೋಟೊ ನೋಡಿದ ಮೇಲೆ ಪ್ರತಿ ಕಿಟಕಿಯ ದೀಪದ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ.

ಅಜ್ಜಿಯ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ದೀಪ ಉರಿಯುವ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮುಟ್ಟುವುದಿಲ್ಲ. ನಾನು ಪಾತ್ರೆ ತೊಳೆಯಲು ಎದ್ದರೆ, "ಕೂತ್ಕೊ ಮಗಳೇ, ನೀನೂ ಹೆಂಗಸೇ ತಾನೆ" ಎನ್ನುತ್ತಾರೆ. ಸಂಬಳಕ್ಕೆ ಬಂದವಳು ಎಂಬ ಲೆಕ್ಕ ಆಗ ಇಲ್ಲ.

ಎಣ್ಣೆಯ ಹಬ್ಬವಾದ್ದರಿಂದ ತಿಂಡಿಯೂ ಕರಿದದ್ದೇ. ಬೇಕರಿಗಳಲ್ಲಿ ಸುಫ್ಗಾನಿಯೋತ್, ಅಂದರೆ ಜ್ಯಾಮ್ ತುಂಬಿದ ಡೋನಟ್, ಸಾಲು. ಯುರೋಪಿನಿಂದ ಬಂದವರು ಆಲೂಗಡ್ಡೆ ತುರಿದು, ನೀರು ಹಿಂಡಿ, ಲಟ್ಕೆ ಕರಿಯುತ್ತಾರೆ. ಅಜ್ಜಿಗೆ ಮಾತ್ರ ಮೊರಾಕ್ಕೊದ ಸ್ಫೆಂಜ್ ಆಗಬೇಕು. ಮೈದಾ, ಯೀಸ್ಟ್, ಉಪ್ಪು, ನೀರು, ಅಷ್ಟೇ. ಕೈಗೆ ಅಂಟುವಷ್ಟು ಸಡಿಲವಾಗಿ ಕಲಸಿ, ಉಬ್ಬಲು ಬಿಟ್ಟು, ಕೈ ಒದ್ದೆ ಮಾಡಿಕೊಂಡು ಒಂದು ಉಂಡೆ ಎಳೆದು ಉದ್ದಿನ ವಡೆಗೆ ಮಾಡುವ ಹಾಗೆ ನಡುವೆ ತೂತು ಮಾಡಿ ಎಣ್ಣೆಗೆ ಬಿಡಬೇಕು. ಮೇಲೆ ಸಕ್ಕರೆ. ಬಿಸಿಯಿದ್ದಾಗಲೇ ತಿನ್ನಬೇಕು, ತಣ್ಣಗಾದರೆ ರಬ್ಬರ್. ಹಾಗಾಗಿ ಬಾಣಲೆ ಒಲೆಗೇರುವ ಮೊದಲೇ ನಾನು ಹೋಗಿ ಪಕ್ಕದ ಮನೆಯವರನ್ನೆಲ್ಲ ಕರೆದು ಬರುತ್ತೇನೆ.