ಗಾಡಿ ನಡುಗಿದ ಮಾತ್ರಕ್ಕೆ ಕ್ಲಚ್ ಸವೆದಿರಬೇಕೆಂದಿಲ್ಲ

ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿ ನನ್ನ ಕೆಲಸ. ಎಂಜಿನ್ನನ್ನು ಗೇರ್‌ಗೆ ಸೇರಿಸಿ ಬಿಡಿಸುವ ಕ್ಲಚ್ ಇದರಲ್ಲಿ ಒಂದಲ್ಲ, ಎರಡು; ಅವನ್ನು ನಡೆಸುವುದು ಕಂಪ್ಯೂಟರ್. ಬರುವವರಲ್ಲಿ ಮುಕ್ಕಾಲು ಪಾಲು ಜನ ರೋಗ, ಮದ್ದು ಎರಡನ್ನೂ ತಾವೇ ಹೇಳಿಬಿಡುತ್ತಾರೆ: "ಹೊರಡುವಾಗ ಗಾಡಿ ನಡುಗತ್ತೆ, ಕ್ಲಚ್ ಸವೆದಿದೆ, ಬದಲಾಯಿಸಿ." ನಡುಕವೇನೋ ನಿಜ. ಸವೆತದ ಮಾತು ನೋಡಿದ ಮೇಲೆ.

ಕ್ಲಚ್ ಪ್ಲೇಟ್ ಸವೆದು ತೆಳ್ಳಗಾದರೆ ಸಾಮಾನ್ಯವಾಗಿ ಜಾರುತ್ತದೆ. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಆಕ್ಸಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ವೇಗ ಮಾತ್ರ ಅಲ್ಲೇ ಇರುತ್ತದೆ. ನಡುಕದ ಜಾಗ ಬೇರೆ. ಹೊರಡುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುವ ಒಂದೆರಡು ಸೆಕೆಂಡಿನಲ್ಲಿ ಅದು ಬರುತ್ತದೆ. ಒದ್ದೆ ಬೆರಳನ್ನು ಗಾಜಿನ ಮೇಲೆ ಎಳೆದರೆ ತಡೆದು ತಡೆದು ಹೋಗುತ್ತದಲ್ವಾ, ಹಾಗೆ. ಬಿಸಿಗೆ ಮೇಲ್ಮೈ ಸುಟ್ಟು ನುಣುಪಾಗಿದ್ದರೆ, ಎಣ್ಣೆ ತಗುಲಿದ್ದರೆ ಅಥವಾ ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಸೊಟ್ಟಗಾಗಿದ್ದರೆ ಹಿಡಿತ ಒಂದೇ ಸಮ ಇರುವುದಿಲ್ಲ. ಹಾಗಾಗಿ ದಪ್ಪ ಪ್ಲೇಟೂ ನಡುಗಬಹುದು, ಸವೆದದ್ದು ನಯವಾಗಿ ಹೊರಡಲೂಬಹುದು.

ನಾನು ಮೊದಲು ಕೇಳುವುದು ಎರಡೇ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ರಿವರ್ಸ್‌ನಲ್ಲೂ ನಡುಗುತ್ತದಾ?

ಈ ಎರಡನೇ ಪ್ರಶ್ನೆ ನನಗೆ ಬಹಳ ಇಷ್ಟ. ಒಂದು ಕ್ಲಚ್ 1, 3, 5ನೇ ಗೇರ್ ನೋಡಿಕೊಂಡರೆ ಇನ್ನೊಂದು 2, 4, 6 ನೋಡಿಕೊಳ್ಳುತ್ತದೆ. ರಿವರ್ಸ್ ಯಾರ ಪಾಲಿಗೆ ಅನ್ನುವುದು ಗೇರ್‌ಬಾಕ್ಸ್ ಮೇಲೆ ಹೋಗುತ್ತದೆ. ಫೋಕ್ಸ್‌ವ್ಯಾಗನ್‌ನ 7 ಗೇರಿನ ಡ್ರೈ ಕ್ಲಚ್ (ಎಣ್ಣೆಯಿಲ್ಲದೆ ಒಣಗಿಯೇ ಕೆಲಸ ಮಾಡುವುದು) ಗೇರ್‌ಬಾಕ್ಸ್ ಡಿಕ್ಯೂ200ರಲ್ಲಿ ಸಮ ಸಂಖ್ಯೆಯ ಕಡೆ, 6 ಗೇರಿನ ವೆಟ್ ಕ್ಲಚ್ (ಎಣ್ಣೆಯಲ್ಲಿ ಕೆಲಸ ಮಾಡುವುದು) ಗೇರ್‌ಬಾಕ್ಸ್ ಡಿಕ್ಯೂ250ರಲ್ಲಿ ಬೆಸದ ಕಡೆ. ರಿವರ್ಸ್ ಬೇರೆ ಕ್ಲಚ್ಚಿನಲ್ಲಿರುವ ಗಾಡಿ 1ನೇ ಗೇರಿನಲ್ಲಿ ಮಾತ್ರ ನಡುಗಿದರೆ ಬೆಸ ಕ್ಲಚ್ ಮೇಲೆ ಅನುಮಾನ. ಎರಡರಲ್ಲೂ ನಡುಗಿದರೆ ಎಂಜಿನ್ ಮೌಂಟ್ (ಎಂಜಿನ್ ಕೂರಿಸುವ ರಬ್ಬರ್), ಮಿಸ್‌ಫೈರ್ (ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು), ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ನೋಡದೆ ಗೇರ್‌ಬಾಕ್ಸ್ ಇಳಿಸುವುದಿಲ್ಲ.

ವೆಟ್ ಕ್ಲಚ್ ಆದರೆ ಮೊದಲ ಅನುಮಾನ ಆಯಿಲ್ ಮೇಲೆ. ಹಳೆಯದಾದಂತೆ ಅದರಲ್ಲಿರುವ ನಡುಕ ತಡೆಯುವ ರಾಸಾಯನಿಕದ ಶಕ್ತಿ ಕುಂದುತ್ತದೆ. ಸರಿಯಾದ ಗ್ರೇಡಿನ ಹೊಸ ಆಯಿಲ್, ಹೊಸ ಫಿಲ್ಟರ್, ಅಷ್ಟರಲ್ಲೇ ಕೆಲಸ ಮುಗಿದ ಗಾಡಿಗಳಿವೆ. ಡ್ರೈ ಕ್ಲಚ್‌ನಲ್ಲಿ ಕಥೆ ಉಲ್ಟಾ. ಅಲ್ಲಿ ಎಣ್ಣೆಯೇ ಶತ್ರು. ಗೇರ್‌ಬಾಕ್ಸ್ ಎಣ್ಣೆ ಕ್ಲಚ್ ಕಡೆ ಬರದಂತೆ ತಡೆಯುವ ಇನ್‌ಪುಟ್ ಶಾಫ್ಟ್ ಸೀಲ್ ಸೋರುತ್ತಿದ್ದರೆ ಅದನ್ನು ಬಿಟ್ಟು ಕ್ಲಚ್ ಮಾತ್ರ ಹಾಕುವುದು ದುಡ್ಡು ದಂಡ.

ಇನ್ನು ಅಡಾಪ್ಟೇಶನ್. ಕ್ಲಚ್ ಎಲ್ಲಿ ಹಿಡಿಯಲು ಶುರುಮಾಡುತ್ತದೆ ಎಂದು ಕಂಪ್ಯೂಟರ್‌ಗೆ ಮತ್ತೆ ಕಲಿಸುವ ಕೆಲಸ ಇದು. ಆ ಲೆಕ್ಕ ತಪ್ಪಿ ನಡುಕ ಬಂದಿದ್ದರೆ ಗಾಡಿ ನಿಜವಾಗಿಯೂ ಸರಿಹೋಗುತ್ತದೆ. ಸುಟ್ಟ ಪ್ಲೇಟನ್ನು ಇದು ಸರಿಮಾಡುವುದಿಲ್ಲ. ಕೆಲವು ದಿನ ಚೆನ್ನಾಗಿರುತ್ತದೆ, ಆಮೇಲೆ ಅದೇ ಹಾಡು. ಸ್ಕ್ಯಾನರ್ ಹಾಕಿ ಸುಮ್ನೆ ರೀಸೆಟ್ ಮಾಡಿ "ಆಯ್ತು" ಅನ್ನುವವರನ್ನು ಕಂಡರೆ ನನಗೆ ಸಿಟ್ಟು.

ಓಡಿಸುವ ರೀತಿಯ ಬಗ್ಗೆಯೂ ಹೇಳುತ್ತೇನೆ, ಕೇಳುವವರು ಕಡಿಮೆ. ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ ಎಣ್ಣೆಯ ಮೂಲಕ ಎಂಜಿನ್ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇದರಲ್ಲಿ ಇಲ್ಲ. ಟ್ರಾಫಿಕ್‌ನಲ್ಲಿ ಗಾಡಿ ತೆವಳುವುದು ಅಂದರೆ ಕ್ಲಚ್ ಜಾರುತ್ತಲೇ ಇದೆ ಎಂದರ್ಥ. ಏರಿನಲ್ಲಿ ಆಕ್ಸಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಡ್ರೈ ಕ್ಲಚ್‌ಗೆ ಗಾಳಿ ಬಿಟ್ಟರೆ ತಂಪು ಮಾಡುವವರಿಲ್ಲ. ಮುಂದೆ ಸ್ವಲ್ಪ ಜಾಗ ಆದ ಮೇಲೆ ಒಮ್ಮೆಗೆ ಹೊರಡಿ. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ. ಆಗ ಕ್ಲಚ್ ಪೂರ್ತಿ ಬಿಡುತ್ತದೆ. ಕಾಲು ಸುಮ್ನೆ ತಾಗಿಸಿಕೊಂಡಿದ್ದರೆ ಎಷ್ಟೋ ಸಲ ಅರೆಬರೆ ಹಿಡಿದೇ ಇರುತ್ತದೆ.

ನಿಜವಾಗಿಯೂ ಕ್ಲಚ್ ಬದಲಾಯಿಸಿದರೆ ಎರಡನ್ನೂ ಸೆಟ್ಟಾಗಿ ಹಾಕುತ್ತೇನೆ. ಹೊಸ ಮೇಲ್ಮೈ ಒಗ್ಗುವ ತನಕ ಮೊದಲ ಕೆಲವು ದಿನ ಚೂರು ನಡುಕ ಇರಬಹುದು ಎಂದು ಕೀ ಕೊಡುವಾಗಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಮರುದಿನ ಬೆಳಿಗ್ಗೆಯೇ ಫೋನ್ ಗ್ಯಾರಂಟಿ.