ಆಮ್ಲಜನಕದ ದಾರಿಗೆ ಅಡ್ಡ ನಿಂತ ನೀರು: ಇಂಧನಕೋಶದ ಏಳನೆಯ ವಾರ

ಜಲಜನಕವನ್ನೂ ಆಮ್ಲಜನಕವನ್ನೂ ಕೂಡಿಸಿ ವಿದ್ಯುತ್ತು ಕೊಡುವ, ಐದು ಚದರ ಸೆಂಟಿಮೀಟರಿನ ನನ್ನ ಜಲಜನಕ ಇಂಧನಕೋಶವು ಒಂದು ಆಂಪಿಯರಿನವರೆಗೆ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಎರಡು ದಾಟಿದೊಡನೆ ವೋಲ್ಟೇಜು ದಿಢೀರನೆ ಕುಸಿಯುತ್ತದೆ. ಕ್ರಿಯೆಯನ್ನು ಚುರುಕುಗೊಳಿಸುವ ಪ್ಲಾಟಿನಂ ಸಾಲದೇನೋ ಎಂದುಕೊಂಡು ಕಳೆದ ತಿಂಗಳು ಆಮ್ಲಜನಕದ ಬದಿಯ ವಿದ್ಯುದ್ವಾರವಾದ ಕ್ಯಾಥೋಡಿಗೆ ಆ ವೇಗವರ್ಧಕದ ಇನ್ನೊಂದು ಲೇಪ ಹಚ್ಚಿದ್ದೆ. ಹಣ ಹೋಯಿತು, ಕುಸಿತ ಇದ್ದಲ್ಲೇ ಇತ್ತು.

ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಈ ವಾರ ಮಾಡಿದೆ. ಜಲಜನಕಕ್ಕಾಗಿ ಇಟ್ಟುಕೊಂಡಿರುವ, ನೀರನ್ನು ವಿದ್ಯುತ್ತಿನಿಂದ ಒಡೆಯುವ ವಿದ್ಯುದ್ವಿಭಜಕದ ಇನ್ನೊಂದು ಬದಿಯಿಂದ ಆಮ್ಲಜನಕವು ಸುಮ್ಮನೆ ಹೊರಹೋಗುತ್ತಿತ್ತು. ಅಕ್ವೇರಿಯಂ ಪಂಪಿನ ಗಾಳಿಯನ್ನು ನಿಲ್ಲಿಸಿ ಅದನ್ನೇ ಕ್ಯಾಥೋಡಿಗೆ ಕೊಟ್ಟೆ. ಶೇಕಡಾ 21ರಷ್ಟು ಆಮ್ಲಜನಕವಿರುವ ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ಕೊಟ್ಟಾಗ ಅನಿಲದ ಪ್ರಮಾಣಕ್ಕೂ ವೋಲ್ಟೇಜಿಗೂ ಇರುವ ನಂಟನ್ನು ಹೇಳುವ ನರ್ನ್ಸ್ಟ್ ಸಮೀಕರಣದ ಪ್ರಕಾರ ದೊರೆಯುವ ಲಾಭ ಸುಮಾರು 10 ಮಿಲಿವೋಲ್ಟ್ ಮಾತ್ರ, ಕ್ರಿಯೆಯ ವೇಗ ಹೆಚ್ಚುವುದರಿಂದ ಅದರ ಮೇಲೆ ಇನ್ನಷ್ಟು ಸೇರುತ್ತದೆ. ಅರ್ಧ ಆಂಪಿಯರಿನಲ್ಲಿ 40 ಸಿಕ್ಕಿದ್ದು ಲೆಕ್ಕಕ್ಕೆ ಹೊಂದಿತು. ಎರಡೂವರೆ ಆಂಪಿಯರಿನಲ್ಲಿ ಸಿಕ್ಕಿದ್ದು 210. ಪ್ಲಾಟಿನಂ ಬೇಕಾದಷ್ಟಿತ್ತು, ಅದರ ಬಳಿಗೆ ಆಮ್ಲಜನಕವೇ ತಲುಪುತ್ತಿರಲಿಲ್ಲ.

ಅಡ್ಡ ನಿಂತದ್ದು ಕೋಶವೇ ಹುಟ್ಟಿಸುವ ನೀರು. ಮೂರು ಆಂಪಿಯರಿನಲ್ಲಿ ಗಂಟೆಗೆ ಒಂದು ಗ್ರಾಂ ನೀರು ಉಂಟಾಗುತ್ತದೆ. ಇದು ಅಲ್ಪವೆನಿಸಬಹುದು, ಆದರೆ ಆಮ್ಲಜನಕವು ಪ್ಲಾಟಿನಂ ಕಡೆಗೆ ಹಾದುಹೋಗುವ 0.2 ಮಿಲಿಮೀಟರ್ ದಪ್ಪದ ಕಾರ್ಬನ್ ಕಾಗದದ ರಂಧ್ರಗಳೆಲ್ಲ ಸೇರಿದರೂ ಅಲ್ಲಿರುವ ಜಾಗ ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ನೀರು ಹೊರಹೋಗದೆ ನಿಂತರೆ ಐದು ನಿಮಿಷದೊಳಗೆ ಅವು ತುಂಬಿಹೋಗುತ್ತವೆ. ನೀರಿನಲ್ಲಿ ಆಮ್ಲಜನಕವು ಹರಡುವ ವೇಗವಾದರೋ ಗಾಳಿಯಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು.

ಗ್ರಾಫೈಟ್ ತಟ್ಟೆಯ ಕಾಲುವೆಗಳ ಹಿಂದೆ ಅಕ್ರಿಲಿಕ್ ಹಾಳೆಯನ್ನಿಟ್ಟು ಟಾರ್ಚ್ ಹಿಡಿದು ನೋಡಿದೆ. ಕಾಗದದ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಹನಿ ಮೂಡಿ, ಊದುತ್ತ ಊದುತ್ತ ಎದುರು ಗೋಡೆಯನ್ನು ಮುಟ್ಟಿ, ಕಾಲುವೆಗೆ ಬಿರಡೆಯಂತೆ ಕೂತಿತು. ಮೀಟರು 0.52ರಿಂದ 0.38 ವೋಲ್ಟಿಗೆ ಇಳಿಯಿತು. ಪಂಪು ಅದನ್ನು ತಳ್ಳಿದ ಮೇಲೆ ಮತ್ತೆ ಏರಿತು. ಅರ್ಧ ಗಂಟೆ ಇದನ್ನೇ ನೋಡುತ್ತ ಕುಳಿತಿದ್ದೆ.

ನಾನು ಬಳಸಿದ್ದು, ನೀರನ್ನು ಅಂಟಗೊಡದ ಟೆಫ್ಲಾನ್ ಇಲ್ಲದ ಬರಿಯ ಕಾಗದ. ಆದ್ದರಿಂದ ಮೂರು ತುಂಡುಗಳನ್ನು ತೆಳು ಟೆಫ್ಲಾನ್ ದ್ರಾವಣದಲ್ಲಿ ಅದ್ದಿ, ಒಣಗಿಸಿ, ತೂಗಿ, ಮತ್ತೆ ಅದ್ದಿ, ತೂಕದಲ್ಲಿ ಶೇಕಡಾ 5, 10 ಮತ್ತು 30ರಷ್ಟು ಟೆಫ್ಲಾನ್ ಸೇರುವಂತೆ ಮಾಡಿದೆ. ಟೆಫ್ಲಾನ್ ಕರಗಿ ನಾರುಗಳಿಗೆ ಅಂಟಲು 327 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಡುಗೆಮನೆಯ ಓವನ್ನಿಗೆ ಅದು ಸಾಧ್ಯವಿಲ್ಲವಾದ್ದರಿಂದ ಗೆಳೆಯರ ಕುಂಬಾರಿಕೆಯ ಒಲೆಯಲ್ಲಿ, ಬಯಲಿನಲ್ಲಿ, 350 ಡಿಗ್ರಿಗೆ ಕಾಯಿಸಿದೆವು. ಅತಿಯಾಗಿ ಕಾದ ಟೆಫ್ಲಾನಿನ ಹೊಗೆ ಪಕ್ಷಿಗಳನ್ನು ಕೊಲ್ಲುತ್ತದೆ. ನೆರೆಮನೆಯ ಲವ್‌ಬರ್ಡ್‌ಗಳ ಪಂಜರವನ್ನು ಮೊದಲೇ ಒಳಗಿಡಿಸಿದ್ದೆವು.

ಶೇಕಡಾ 10ರ ಕಾಗದದಲ್ಲಿ ಕುಸಿತವು ಮೂರು ಆಂಪಿಯರಿನಾಚೆಗೆ ಸರಿಯಿತು. 5ರದ್ದು ಸಾಧಾರಣ. 30ರದ್ದು ಬರಿಯ ಕಾಗದಕ್ಕಿಂತಲೂ ಕೆಟ್ಟದಾಗಿ ನಡೆಯಿತು: ಟೆಫ್ಲಾನ್ ರಂಧ್ರಗಳನ್ನೇ ಕಿರಿದುಗೊಳಿಸುತ್ತದೆ, ವಿದ್ಯುತ್ತನ್ನೂ ಒಯ್ಯುವುದಿಲ್ಲ. ಅವಸರದಲ್ಲಿ ಒಣಗಿಸಿದ್ದರಿಂದ ಅದು ಮೇಲ್ಮೈಯಲ್ಲೇ ಶೇಖರವಾಗಿರುವ ಸಂಭವವೂ ಇದೆ.

ಆದರೂ ಎರಡೂವರೆ ಆಂಪಿಯರಿನಲ್ಲಿ ಶುದ್ಧ ಆಮ್ಲಜನಕವು ಇನ್ನೂ 90 ಮಿಲಿವೋಲ್ಟ್ ಹೆಚ್ಚು ಕೊಡುತ್ತಿದೆ. ಅಂದರೆ ನೀರಿನ ಅಡ್ಡಿ ಪೂರ್ತಿ ಹೋಗಿಲ್ಲ. ಹಾಗಾಗಿ ವೇಗವರ್ಧಕಕ್ಕೂ ಕಾಗದಕ್ಕೂ ನಡುವೆ ಇಂಗಾಲದ ಪುಡಿ ಮತ್ತು ಟೆಫ್ಲಾನಿನ ಸೂಕ್ಷ್ಮರಂಧ್ರ ಪದರವೊಂದನ್ನು ಹಚ್ಚುವ ಕೆಲಸವನ್ನು ನಿನ್ನೆ ಆರಂಭಿಸಿದೆ. ಮೊದಲ ಲೇಪ ಒಣಗುವಾಗ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದೆ. ತೆಳುವಾಗಿ ನಾಲ್ಕು ಸಲ ಹಚ್ಚಿ ನೋಡಬೇಕು.